ಊಟ ಕೊಡುವವರ ಮೇಲೆ ದೂರು

ನಿಮ್ಮ ಮೇಲೆ ಕೈ ಮಾಡಿದವನೇ ನಾಳೆ ಬೆಳಿಗ್ಗೆ ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸಬೇಕು, ಹಲ್ಲುಜ್ಜಿಸಬೇಕು, ಸ್ನಾನ ಮಾಡಿಸಬೇಕು, ತಿಂಡಿ ತಿನ್ನಿಸಬೇಕು. ಮನೆಯ ಬೀಗದ ಕೈ ಅವನ ಜೇಬಿನಲ್ಲಿದೆ. ಫೋನು ನಿಮಗೆ ನಿಲುಕದ ಕಡೆ ಇದೆ. ದೂರಿನ ಫಾರ್ಮು ತಂದುಕೊಡಬೇಕಾದವನೂ ಅವನೇ. ಈಗ ಹೇಳಿ, ದೂರು ಕೊಡುತ್ತೀರಾ?

ಆಸ್ಟ್ರೇಲಿಯಾದ ಅಂಗವಿಕಲರು ವರ್ಷಗಟ್ಟಲೆ ತಮ್ಮ ಸರ್ಕಾರದ ಮುಂದೆ ಇಟ್ಟಿದ್ದು ಇದೇ ಪ್ರಶ್ನೆಯನ್ನು. ಒಂದೊಂದು ಘಟನೆಗೆ ಒಂದೊಂದು ಪೊಲೀಸ್ ಕೇಸು ಹಾಕಿದರೆ ಸಾಲದು, ನಮ್ಮನ್ನು ನೋಡಿಕೊಳ್ಳುವ ಇಡೀ ವ್ಯವಸ್ಥೆಯ ಮೇಲೆ ತನಿಖೆ ಆಗಬೇಕು ಎಂದು ಅವರು ಪಟ್ಟು ಹಿಡಿದರು. ತನಿಖೆ 2019ರಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು. ಆ ಹೊತ್ತಿಗೆ ನಾನು ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ ಇದೇ ಆರೈಕೆಯ ಕೆಲಸದಲ್ಲಿದ್ದೆ, ಈಗಲೂ ಇದ್ದೇನೆ.

ಹಾಸನದ ಹತ್ತಿರ ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವಳು ನಾನು. ಗಂಡನ ಕೆಲಸದ ದೆಸೆಯಿಂದ ಇಲ್ಲಿಗೆ ಬಂದು, ಇಲ್ಲಿನ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ, ಸಪೋರ್ಟ್ ವರ್ಕರ್ ಆದೆ. ಪಾಳಿಯಲ್ಲಿ ನನ್ನ ಜೊತೆಗಿರುವವರು ಪಂಜಾಬಿನ ಹುಡುಗರು, ನೇಪಾಳದ ವಿದ್ಯಾರ್ಥಿನಿಯರು, ಫಿಲಿಪೀನ್ಸಿನ ತಾಯಂದಿರು. ಕನ್ನಡದವರೂ ಅಲ್ಲಲ್ಲಿ ಸಿಗುತ್ತಾರೆ. ಬಹುಪಾಲು ಜನರದು ಗಂಟೆ ಲೆಕ್ಕದ ಸಂಬಳ. ಮುಂದಿನ ವಾರ ಪಾಳಿ ಸಿಗುತ್ತದೋ ಇಲ್ಲವೋ ಎಂಬುದು ಮ್ಯಾನೇಜರ್ ಮರ್ಜಿ. ಕಂಡಿದ್ದನ್ನು ಕಂಡ ಹಾಗೆ ಬರೆದಿಟ್ಟ ಹುಡುಗಿಗೆ ಮರುವಾರದಿಂದ ಪಾಳಿಗಳು ಕರಗುತ್ತಾ ಬಂದಿದ್ದನ್ನು ನೋಡಿದ್ದೇನೆ. ಅಂದರೆ ದೂರು ಕೊಡಬೇಕಾದವರು ಕೆಲಸಗಾರರನ್ನು ನೆಚ್ಚಿ ಬದುಕುತ್ತಾರೆ, ದೂರಿಗೆ ಸಾಕ್ಷಿಯಾಗಬೇಕಾದ ಕೆಲಸಗಾರರು ಸಂಸ್ಥೆಯನ್ನು ನೆಚ್ಚಿ ಬದುಕುತ್ತಾರೆ. ಈ ಎರಡು ಗಂಟುಗಳನ್ನು ಒಳಗಿನಿಂದ ಬಿಚ್ಚಲು ಆಗುವುದಿಲ್ಲ. ಹೊರಗಿನ ಕೈಯೇ ಬೇಕು.

ಫ್ರಿಜ್ಜಿನ ಬೀಗ

ಇಲ್ಲಿನ ಗ್ರೂಪ್ ಹೋಮ್ ಹೊರಗಿನಿಂದ ನೋಡಿದರೆ ಬೀದಿಯ ಉಳಿದ ಮನೆಗಳ ಹಾಗೇ ಇರುತ್ತದೆ. ಇಟ್ಟಿಗೆ ಗೋಡೆ, ಮುಂದೆ ಒಂದು ಅಂಚೆ ಡಬ್ಬಿ, ಪಕ್ಕದಲ್ಲಿ ಕಸದ ಡ್ರಮ್ಮುಗಳು. ಒಳಗೆ ನಾಲ್ಕೈದು ಜನ ಅಂಗವಿಕಲರು ವಾಸಿಸುತ್ತಾರೆ. ಒಬ್ಬರಿಗೊಬ್ಬರು ನೆಂಟರಲ್ಲ, ಗೆಳೆಯರೂ ಅಲ್ಲ. ಜಾಗ ಖಾಲಿ ಇದ್ದ ಕಡೆ ಬಂದು ಸೇರಿದವರು. ಒಂದು ಕೋಣೆ ಮಾತ್ರ ಆಫೀಸು: ಅದರಲ್ಲಿ ಔಷಧಿಯ ಕಪಾಟು, ಫೈಲುಗಳು, ರಾತ್ರಿ ಪಾಳಿಯವರು ಮಲಗುವ ಮಂಚ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹೋಗುತ್ತಿದ್ದ ಒಂದು ಮನೆಯಲ್ಲಿ ಫ್ರಿಜ್ಜಿಗೆ ಬೀಗ ಹಾಕಿತ್ತು. ಅಲ್ಲಿದ್ದ ಒಬ್ಬ ಯುವಕನಿಗೆ ಪ್ರಾಡರ್-ವಿಲ್ಲಿ ಎಂಬ ಹುಟ್ಟು ಸಮಸ್ಯೆ. ಅದು ಇರುವವರಿಗೆ ಎಷ್ಟು ತಿಂದರೂ ಹಸಿವು ಇಂಗುವುದಿಲ್ಲ, ತಡೆಯದಿದ್ದರೆ ಪ್ರಾಣಕ್ಕೇ ಅಪಾಯ. ಅವನ ಮಟ್ಟಿಗೆ ಆ ಬೀಗ ಸರಿ ಎಂದೇ ಇಟ್ಟುಕೊಳ್ಳೋಣ. ಆದರೆ ಅದೇ ಮನೆಯಲ್ಲಿ ಅರವತ್ತು ದಾಟಿದ ಇನ್ನೊಬ್ಬರಿದ್ದರು. ಸಂಜೆ ತಮ್ಮ ಚಹಾ ತಾವೇ ಮಾಡಿಕೊಳ್ಳುವುದು ಅವರಿಗೆ ಇಷ್ಟ. ತಮ್ಮ ಪಿಂಚಣಿ ದುಡ್ಡಿನಲ್ಲಿ ತಂದ ಹಾಲನ್ನು ತಮ್ಮ ಚಹಾಕ್ಕೆ ಹಾಕಿಕೊಳ್ಳಲು ಅವರು ಮೊಮ್ಮಗನ ವಯಸ್ಸಿನ ಕೆಲಸದ ಹುಡುಗನನ್ನು ಬೀಗ ತೆಗೆಯಪ್ಪ ಎಂದು ಕೇಳಬೇಕಿತ್ತು. ಹುಡುಗ ಮೊಬೈಲ್ ನೋಡುತ್ತಾ, ಆಮೇಲೆ, ಎನ್ನುತ್ತಿದ್ದ. ಅವರು ಕಪ್ಪು ಚಹಾವನ್ನೇ ಕುಡಿದು ಎದ್ದು ಹೋಗುತ್ತಿದ್ದರು.

ಯಾರೂ ಅವರಿಗೆ ಹೊಡೆದಿರಲಿಲ್ಲ, ಬೈದಿರಲಿಲ್ಲ. ಆದರೂ ಇಲ್ಲಿನ ನಿಯಮದ ಪ್ರಕಾರ ಅದು ನಿರ್ಬಂಧ. ಮಾತ್ರೆ ಕೊಟ್ಟು ಮಂಕು ಮಾಡುವುದು, ಪಟ್ಟಿ ಬಿಗಿದು ಕೂರಿಸುವುದು, ಕೈಹಿಡಿದು ಅದುಮುವುದು, ಒಂಟಿಯಾಗಿ ಕೂಡಿಹಾಕುವುದು, ಹೀಗೆ ಬಾಗಿಲಿಗೋ ಫ್ರಿಜ್ಜಿಗೋ ಬೀಗ ಹಾಕುವುದು: ಕಾನೂನು ಇವನ್ನು ಐದು ಬಗೆಯಾಗಿ ಗುರುತಿಸುತ್ತದೆ. ಯಾವುದನ್ನು ಮಾಡಬೇಕಾದರೂ ಆ ವ್ಯಕ್ತಿಯ ಹೆಸರಿನಲ್ಲಿ ಬರೆದ ಯೋಜನೆ ಇರಬೇಕು, ಅದಕ್ಕೆ ಅನುಮತಿ ಇರಬೇಕು, ಮೇಲಿನವರಿಗೆ ವರದಿ ಹೋಗಬೇಕು. ಯುವಕನ ಹೆಸರಿನಲ್ಲಿ ಕಾಗದ ಇತ್ತು. ಹಿರಿಯರ ಹೆಸರಿನಲ್ಲಿ ಏನೂ ಇರಲಿಲ್ಲ. ಒಬ್ಬನಿಗೆ ಹಾಕಿದ ಬೀಗ ಮನೆಮಂದಿಗೆಲ್ಲ ಬಿದ್ದಿತ್ತು.

ಇನ್ನೊಂದು ಮನೆಯ ವಿಷಯ ಬೀಗದಷ್ಟು ಹಗುರದ್ದಲ್ಲ. ಅಲ್ಲಿದ್ದ ಮಹಿಳೆಗೆ ಸೆರೆಬ್ರಲ್ ಪಾಲ್ಸಿ. ಮಾತು ಹೊರಡುವುದಿಲ್ಲ, ಬುದ್ಧಿ ಮಾತ್ರ ಚುರುಕು. ಅಕ್ಷರಗಳ ಬೋರ್ಡು ಎದುರಿಗೆ ಹಿಡಿದರೆ ಮುಷ್ಟಿಯಿಂದ ಒಂದೊಂದೇ ಅಕ್ಷರ ತೋರಿಸಿ ಮಾತನಾಡುತ್ತಾರೆ. ಒಂದು ವಾಕ್ಯಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ. ಒಂದು ಬೆಳಿಗ್ಗೆ ಸ್ನಾನ ಮಾಡಿಸುವಾಗ ಅವರ ತೋಳಿನ ಮೇಲೆ ಬೆರಳಿನ ಗುರುತುಗಳು ಕಂಡವು. ಬೋರ್ಡು ಹಿಡಿದೆ. ರಾತ್ರಿ ಪಾಳಿಯವನ ಹೆಸರಿನ ಮೊದಲ ಅಕ್ಷರ ತೋರಿಸಿದರು. ನಾನು ರಿಪೋರ್ಟ್ ಬರೆದೆ. ವಿಚಾರಿಸಲು ಬಂದ ಪೊಲೀಸಿನವರು ಒರಟರೇನಲ್ಲ, ಆದರೆ ಗಾಲಿಕುರ್ಚಿಯ ಪಕ್ಕದಲ್ಲೇ ನಿಂತು ನನ್ನ ಮುಖ ನೋಡಿ ಕೇಳಿದರು: ಇವರಿಗೆ ನಾವು ಹೇಳೋದು ತಿಳಿಯುತ್ತಾ? ಆಕೆ ಬೋರ್ಡಿನ ಕಡೆ ಮುಷ್ಟಿ ಚಾಚಿದರು. ಅದು ಪೂರ್ತಿಯಾಗುವವರೆಗೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಸಾಕ್ಷಿ ಸಾಲದು ಎಂದಾಯಿತು. ಸಂಸ್ಥೆಯವರು ಆ ಕೆಲಸಗಾರನನ್ನು ಬೇರೊಂದು ಮನೆಗೆ ಹಾಕಿದರು. ಅಲ್ಲಿಯೂ ಮಾತು ಬಾರದವರು ಇದ್ದರು.

ಫೋನಿನಲ್ಲಿ ಇದನ್ನು ಹೇಳಿದಾಗ ನಮ್ಮಮ್ಮ, ಅಷ್ಟು ಮುಂದುವರಿದ ದೇಶದಾಗೂ ಹಿಂಗೆಲ್ಲ ಮಾಡ್ತಾರೇನೆ, ಎಂದು ಕೇಳಿದರು. ಮಾಡ್ತಾರೆ ಅಮ್ಮ, ಎಂದೆ. ದುಡ್ಡಿದ್ದರೆ ಮನೆ ಚೆನ್ನಾಗಿರುತ್ತದೆ. ಮನೆಯೊಳಗೆ ಏನು ನಡೆಯುತ್ತದೆ ಎನ್ನುವುದು ದುಡ್ಡಿನ ಪ್ರಶ್ನೆ ಅಲ್ಲ.

ಕೇಳಿದ್ದು ಯಾರು, ತಡೆದದ್ದು ಯಾರು

2013ರಲ್ಲಿ ಇದೇ ಮೆಲ್ಬರ್ನಿನಲ್ಲಿ, ಯೂರಲ್ಲಾ ಎಂಬ ಹಳೆಯ, ಹೆಸರುವಾಸಿ ಸಂಸ್ಥೆಯ ಮನೆಗಳಲ್ಲಿದ್ದ ಅಂಗವಿಕಲರ ಮೇಲೆ ಅತ್ಯಾಚಾರ ಎಸಗಿದ ಕೆಲಸಗಾರನಿಗೆ 18 ವರ್ಷ ಜೈಲಾಯಿತು. ಮರುವರ್ಷ ನವೆಂಬರಿನಲ್ಲಿ ಎಬಿಸಿ ವಾಹಿನಿಯ 'ಫೋರ್ ಕಾರ್ನರ್ಸ್' ಕಾರ್ಯಕ್ರಮ ಆ ಸಂಸ್ಥೆಯೊಳಗಿನ ಕಥೆಗಳನ್ನು ಬಯಲಿಗೆ ತಂದಿತು. ಅಂಗವಿಕಲರ ಸಂಘಟನೆಗಳು ಅದಕ್ಕೂ ಮೊದಲಿನಿಂದ ಹೇಳುತ್ತಿದ್ದ ಮಾತು ಆಗ ಜನರ ಕಿವಿಗೆ ಬಿತ್ತು. ಸೆನೆಟ್ ಸಮಿತಿಯೊಂದು ದೇಶದ ಉದ್ದಗಲಕ್ಕೂ ಅಹವಾಲು ಕೇಳಿ, 2015ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಅದರ ಮೊದಲ ಶಿಫಾರಸೇ ರಾಯಲ್ ಕಮಿಷನ್ ನೇಮಿಸಿ ಎಂಬುದು.

ರಾಯಲ್ ಕಮಿಷನ್ ಎಂದರೆ ನಮ್ಮಲ್ಲಿ 1952ರ ಕಾಯ್ದೆಯ ಪ್ರಕಾರ ನೇಮಿಸುವ ವಿಚಾರಣಾ ಆಯೋಗದ ಜಾತಿಯದ್ದೇ. ಯಾರನ್ನಾದರೂ ಕರೆಸಿ ಪ್ರಮಾಣ ಮಾಡಿಸಿ ಕೇಳಬಹುದು, ಯಾವ ಸಂಸ್ಥೆಯ ಕಡತವನ್ನಾದರೂ ತರಿಸಿಕೊಳ್ಳಬಹುದು, ಬಾರದಿದ್ದರೆ ಶಿಕ್ಷೆಯುಂಟು. ಇಲ್ಲಿ ಅದಕ್ಕಿರುವ ಗೌರವ ದೊಡ್ಡದು. ಬಾಕಿ ಎಲ್ಲ ದಾರಿ ಮುಚ್ಚಿದಾಗ ಜನ ಕೇಳುವುದು ಇದನ್ನೇ.

2017ರಲ್ಲಿ ಸರ್ಕಾರ ಆಗುವುದಿಲ್ಲ ಎಂದಿತು. ಅದರ ವಾದ ಹೀಗಿತ್ತು: ಎನ್‌ಡಿಐಎಸ್ ಎಂಬ ರಾಷ್ಟ್ರೀಯ ಅಂಗವಿಕಲರ ವಿಮಾ ಯೋಜನೆ ಬಂದಿದೆ, ಅದರ ಗುಣಮಟ್ಟ ಕಾಯಲು ಹೊಸ ಆಯೋಗವನ್ನೂ ತರುತ್ತಿದ್ದೇವೆ, ಇನ್ನು ತನಿಖೆ ಏಕೆ? ಅಂಗವಿಕಲರ ಉತ್ತರವೂ ಸರಳವಾಗಿತ್ತು. ಆ ಕಾವಲು ಆಯೋಗ ನೋಡುವುದು ಯೋಜನೆಯ ಒಳಗಿನ ಸೇವೆಗಳನ್ನು. ಈ ದೇಶದಲ್ಲಿ ಅಂಗವೈಕಲ್ಯ ಇರುವವರು 40 ಲಕ್ಷಕ್ಕೂ ಹೆಚ್ಚು, ಯೋಜನೆಯ ಒಳಗಿರುವವರು ಅದರಲ್ಲೊಂದು ಸಣ್ಣ ಪಾಲು. ಶಾಲೆಯಲ್ಲಿ ಮಗುವನ್ನು ಕೋಣೆಗೆ ಕೂಡಿದರೆ, ಆಸ್ಪತ್ರೆಯಲ್ಲಿ ನೋವಿಗೆ ಬೆಲೆ ಕೊಡದಿದ್ದರೆ, ಜೈಲಿನಲ್ಲಿ ಬುದ್ಧಿಮಾಂದ್ಯನನ್ನು ಒಂಟಿ ಸೆಲ್ಲಿಗೆ ತಳ್ಳಿದರೆ ಯಾರು ಕೇಳುತ್ತಾರೆ? ಅಲ್ಲದೆ, ಹೊಸ ಆಯೋಗ ನೋಡುವುದು ಮುಂದಾಗುವುದನ್ನು. ಇಷ್ಟು ವರ್ಷ ಆದದ್ದಕ್ಕೆ ಲೆಕ್ಕ ಬೇಡವೇ?

ಈ ಪ್ರಶ್ನೆಯನ್ನು ಸಂಸತ್ತಿನೊಳಗೆ ಬಿಡದೆ ಕೇಳಿದವರಲ್ಲಿ ಜೋರ್ಡನ್ ಸ್ಟೀಲ್-ಜಾನ್ ಮುಖ್ಯರು. ಪರ್ತ್ ಕಡೆಯವರು, ಗ್ರೀನ್ಸ್ ಪಕ್ಷ. 2017ರಲ್ಲಿ ಸೆನೆಟರ್ ಆದಾಗ ವಯಸ್ಸು 23. ಸೆರೆಬ್ರಲ್ ಪಾಲ್ಸಿ ಇರುವ ಅವರು ಗಾಲಿಕುರ್ಚಿಯಲ್ಲೇ ಸದನಕ್ಕೆ ಬರುತ್ತಾರೆ.

2019ರ ಫೆಬ್ರುವರಿ 14ರಂದು ನಡೆದದ್ದನ್ನು ಇಲ್ಲಿನ ಅಂಗವಿಕಲರು ಮರೆಯುವುದಿಲ್ಲ. ರಾಯಲ್ ಕಮಿಷನ್ ಬೇಕೆಂದು ಸೆನೆಟ್ ನಿರ್ಣಯ ಮಾಡಿ ಕೆಳಮನೆಗೆ ಕಳಿಸಿತ್ತು. ಸ್ಕಾಟ್ ಮಾರಿಸನ್ ಸರ್ಕಾರಕ್ಕೆ ಆಗ ಕೆಳಮನೆಯಲ್ಲಿ ಬಹುಮತವಿರಲಿಲ್ಲ. ಮತಕ್ಕೆ ಹಾಕಿದರೆ ಸೋಲು ಖಚಿತ. ಅದಕ್ಕೆ ಆಳುವ ಪಕ್ಷದವರು ಕಂಡುಕೊಂಡ ಉಪಾಯವೆಂದರೆ ಪ್ರಶ್ನೋತ್ತರ ವೇಳೆಯನ್ನು ಮುಗಿಸದೇ ಇರುವುದು. ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯಬೇಕಾದದ್ದನ್ನು ಎರಡು ಗಂಟೆ ದಾಟಿಸಿ ಎಳೆದರು. ಆ ಸದನದ ಇತಿಹಾಸದಲ್ಲೇ ಅಷ್ಟು ಉದ್ದದ ಪ್ರಶ್ನೋತ್ತರ ನಡೆದಿರಲಿಲ್ಲ. ಹೊಡೆತ ತಿಂದವರ ಮಾತು ಕೇಳಬೇಕೋ ಬೇಡವೋ ಎಂಬ ಪ್ರಶ್ನೆ ಮಾತ್ರ ಅಂದು ಸದನಕ್ಕೆ ಬರಲೇ ಇಲ್ಲ. ಅಂಗವಿಕಲರು ಸಿಟ್ಟಿಗೆದ್ದರು, ಪತ್ರಿಕೆಗಳು ಛೀಮಾರಿ ಹಾಕಿದವು. ನಾಲ್ಕು ದಿನ ಕಳೆದು ಸದನ ಮತ್ತೆ ಸೇರಿದಾಗ ನಿರ್ಣಯಕ್ಕೆ ಯಾರೂ ಎದುರು ಮಾತನಾಡಲಿಲ್ಲ. ಏಪ್ರಿಲ್ ಮೊದಲ ವಾರ, ಚುನಾವಣೆ ಹತ್ತಿರವಿರುವಾಗ, ಅದೇ ಪ್ರಧಾನಿ ಗದ್ಗದಿತರಾಗಿ ಕಮಿಷನ್ ಘೋಷಿಸಿದರು. ಸುಮಾರು 52.8 ಕೋಟಿ ಡಾಲರ್ ಹಣವನ್ನೂ ಇಟ್ಟರು.

ಕೆಲಸಗಾರರಿಲ್ಲದ ಕೋಣೆ

ನಿವೃತ್ತ ಫೆಡರಲ್ ನ್ಯಾಯಾಧೀಶ ರೊನಾಲ್ಡ್ ಸ್ಯಾಕ್ವಿಲ್ ಅಧ್ಯಕ್ಷರಾದರು. ಕಮಿಷನರುಗಳಲ್ಲಿ ರೋಂಡಾ ಗ್ಯಾಲ್ಬಲಿ, ಕಿವುಡರಾದ ಅಲಾಸ್ಟೇರ್ ಮೆಕ್ಯುಯಿನ್ ಅವರಂಥ ಸ್ವತಃ ಅಂಗವೈಕಲ್ಯ ಇರುವವರೂ ಇದ್ದರು. 32 ಬಹಿರಂಗ ವಿಚಾರಣೆಗಳು ನಡೆದವು. ಗ್ರೂಪ್ ಹೋಮುಗಳ ಬಗ್ಗೆ 2019ರ ಡಿಸೆಂಬರಿನಲ್ಲಿ ಮೆಲ್ಬರ್ನಿನಲ್ಲೇ ವಿಚಾರಣೆಯಾಯಿತು. ಅಂಗವಿಕಲರೇ ದುಡಿಯುವ ಕಾರ್ಯಾಗಾರಗಳ ವಿಚಾರಣೆಯಲ್ಲಿ, ಆಗ ಗಂಟೆಗೆ ಕನಿಷ್ಠ ಕೂಲಿ 20 ಡಾಲರ್ ಇದ್ದ ದೇಶದಲ್ಲಿ ಮೂರು ಡಾಲರಿಗೂ ಕಡಿಮೆ ಕೊಟ್ಟು ಪ್ಯಾಕಿಂಗ್ ಕೆಲಸ ಮಾಡಿಸುವುದು ಹೊರಬಿತ್ತು. ಅದೂ ಕಾನೂನಿನ ಚೌಕಟ್ಟಿನೊಳಗೇ.

ನನಗೆ ದೊಡ್ಡದಾಗಿ ಕಂಡದ್ದು ಇವಲ್ಲ, ಖಾಸಗಿ ಭೇಟಿಗಳು. ಯಾರು ಬೇಕಾದರೂ ಒಬ್ಬ ಕಮಿಷನರ್ ಎದುರು ಕೂತು, ವಕೀಲರಿಲ್ಲದೆ, ಪಾಟೀಸವಾಲಿಲ್ಲದೆ ತಮಗಾದದ್ದನ್ನು ಹೇಳಬಹುದಿತ್ತು. ಸಂಜ್ಞೆ ಭಾಷೆಯಲ್ಲಿ ಹೇಳಬಹುದು, ಚಿತ್ರ ಬರೆದು ಹೇಳಬಹುದು, ಬರೆದು ಕಳಿಸಬಹುದು. ಹೇಳಿದ್ದು ಎಂದಾದರೂ ಹೊರಬಿದ್ದರೆ ನಮ್ಮನ್ನು ನೋಡಿಕೊಳ್ಳುವವರು ಸುಮ್ಮನಿರುತ್ತಾರೆಯೇ ಎಂಬ ಭಯ ಎಲ್ಲರಿಗೂ ಇತ್ತು. ಅದಕ್ಕೆ 2021ರಲ್ಲಿ ಕಾನೂನಿಗೇ ತಿದ್ದುಪಡಿ ತಂದರು. ಗುಟ್ಟಾಗಿಡಿ ಎಂದು ಕೊಟ್ಟ ಹೇಳಿಕೆಗಳನ್ನು ಈಗ 99 ವರ್ಷ ತೆರೆಯುವಂತಿಲ್ಲ. ಕೊನೆಗೆ 7,944 ಮಂದಿ ಮತ್ತು ಸಂಘಟನೆಗಳು ಬರೆದು ಕಳಿಸಿದವು, 1,785 ಖಾಸಗಿ ಭೇಟಿಗಳಾದವು.

ಅಕ್ಷರದ ಬೋರ್ಡಿನ ಮಹಿಳೆಯೂ ಹೋದರು. ಗಾಲಿಕುರ್ಚಿ ಏರುವ ವ್ಯಾನಿನಲ್ಲಿ ಕರೆದೊಯ್ದವಳು ನಾನೇ. ಬೋರ್ಡು ಹಿಡಿಯಲು ಅವರ ತಂಗಿ ಊರಿನಿಂದ ಬಂದಿದ್ದರು. ಬಾಗಿಲಲ್ಲಿ ಸಿಬ್ಬಂದಿಯ ಹೆಣ್ಣುಮಗಳು ನಗುತ್ತಲೇ ನನ್ನನ್ನು ತಡೆದರು: ನೀವು ಇಲ್ಲಿ ಕೂತಿರಿ, ಕಾಫಿ ಕೊಡುತ್ತೇನೆ. ಬ್ಯಾಂಕು, ಡಾಕ್ಟರು, ಹೇರ್‌ಕಟ್ಟು, ಎಲ್ಲ ಕಡೆ ಆಕೆಯ ಬೆನ್ನಿಗೆ ನಮ್ಮಲ್ಲಿ ಒಬ್ಬರು ಇದ್ದೇ ಇರುತ್ತಿದ್ದೆವು. ಅಂದು ಒಳಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿಲ್ಲ. ನನ್ನ ಮೇಲೂ ಏನಾದರೂ ಹೇಳಿರಬಹುದು. ಹೇಳುವಂಥ ಜಾಗ ಅದಾಗಿತ್ತು ಎನ್ನುವುದೇ ಅದರ ಬೆಲೆ. ಹೊರಗೆ ಬಂದು ಆಕೆ ನನಗೆ ತೋರಿಸಿದ ಮೊದಲ ಅಕ್ಷರಗಳು, ಹಸಿವು. ದಾರಿಯಲ್ಲಿ ಮೀನು, ಆಲೂ ಚಿಪ್ಸ್ ತಿಂದು ಮನೆಗೆ ಬಂದೆವು.

ವರದಿ ಬಂತು, ಮುಂದೆ?

2023ರ ಸೆಪ್ಟೆಂಬರ್ 29ರಂದು ಅಂತಿಮ ವರದಿ ಹೊರಬಂತು: 12 ಸಂಪುಟ, 222 ಶಿಫಾರಸು. 18ರಿಂದ 64 ವಯಸ್ಸಿನ ಅಂಗವಿಕಲರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹದಿನೈದರ ನಂತರ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಅಂಗವಿಕಲರ ಹಕ್ಕುಗಳಿಗೇ ಒಂದು ಕಾಯ್ದೆ ಬೇಕು, ದೂರು ಕೊಡಲು ಸ್ವತಂತ್ರವಾದ ಒಂದೇ ಬಾಗಿಲು ಇರಬೇಕು, ಆರೈಕೆಯಲ್ಲಿದ್ದಾಗ ಸತ್ತವರ ಸಾವನ್ನು ಪರಿಶೀಲಿಸುವ ವ್ಯವಸ್ಥೆ ಬೇಕು ಎಂದು ಕಮಿಷನ್ ಹೇಳಿತು. ಗ್ರೂಪ್ ಹೋಮುಗಳನ್ನೂ ವಿಶೇಷ ಶಾಲೆಗಳನ್ನೂ ಪೂರ್ತಿ ಮುಚ್ಚಬೇಕೇ ಎಂಬಲ್ಲಿ ಕಮಿಷನರುಗಳೇ ಇಬ್ಭಾಗವಾದರು. ಕ್ರಮೇಣ ಮುಚ್ಚಿ ಎಂದವರಲ್ಲಿ ಗ್ಯಾಲ್ಬಲಿ ಮತ್ತು ಮೆಕ್ಯುಯಿನ್ ಇದ್ದರು.

2024ರ ಜುಲೈ ಕೊನೆಗೆ ಸರ್ಕಾರ ಉತ್ತರ ಕೊಟ್ಟಿತು. ಕೇಂದ್ರಕ್ಕೆ ಸಂಬಂಧಿಸಿದ 172 ಶಿಫಾರಸುಗಳಲ್ಲಿ ಪೂರ್ತಿ ಒಪ್ಪಿದ್ದು 13. ತಾತ್ವಿಕವಾಗಿ ಒಪ್ಪಿದ್ದು 117. ಬಾಕಿ ಇನ್ನೂ ಪರಿಶೀಲನೆ, ಗಮನಿಸಲಾಗಿದೆ, ಇತ್ಯಾದಿ. ತಾತ್ವಿಕ ಒಪ್ಪಿಗೆ ಎಂದರೇನೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ವಿಧಾನಸೌಧವೂ ಅದನ್ನು ಚೆನ್ನಾಗಿ ಬಲ್ಲದು.

ಹಾಗಾದರೆ ಇಷ್ಟೆಲ್ಲ ಗುದ್ದಾಡಿದ್ದು ದಂಡವೇ? ನನಗೆ ಹಾಗೆ ಅನಿಸುವುದಿಲ್ಲ. ಕಮಿಷನ್ ನಡೆಯುತ್ತಿದ್ದಾಗಲೇ, 2020ರ ಏಪ್ರಿಲಿನಲ್ಲಿ, ಅಡಿಲೇಡಿನಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ 54 ವರ್ಷದ ಮಹಿಳೆಯೊಬ್ಬರು ತೀರಿಕೊಂಡರು. ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಹಗಲೂ ರಾತ್ರಿ ಒಂದು ಬೆತ್ತದ ಕುರ್ಚಿಯಲ್ಲೇ ಕೂರಿಸಿಟ್ಟಿದ್ದರು. ಮೈತುಂಬ ಒತ್ತುಹುಣ್ಣು, ಹೊಟ್ಟೆಗಿಲ್ಲ. ಯೋಜನೆಯ ದುಡ್ಡು ಸರಿಯಾಗಿ ಬರುತ್ತಿತ್ತು, ಸಂಸ್ಥೆ ನೋಂದಾಯಿತವಾಗಿತ್ತು, ಗುಣಮಟ್ಟದ ಆಯೋಗವೂ ಇತ್ತು. ಆ ಮನೆಗೆ ಹೋಗುತ್ತಿದ್ದದ್ದು ಮಾತ್ರ ಒಬ್ಬಳೇ ಕೆಲಸಗಾರ್ತಿ. ಆಕೆಗೆ ಮುಂದೆ ಜೈಲಾಯಿತು. ಆ ಸಾವಿನ ಬಗ್ಗೆ ವರದಿ ಕೊಟ್ಟ ಮಾಜಿ ನ್ಯಾಯಾಧೀಶರ ಮುಖ್ಯ ಸಲಹೆ ಇಷ್ಟೇ: ದಿಕ್ಕಿಲ್ಲದ ಯಾರ ಬದುಕೂ ಒಬ್ಬನೇ ಕೆಲಸಗಾರನ ಕೈಯಲ್ಲಿ ಇರಬಾರದು. ಇಡೀ ಕಮಿಷನ್ ಹೇಳಿದ್ದರ ತಿರುಳೂ ಇದೇ. ಕಟ್ಟಳೆ, ಕಾಗದ, ಹಣ ಇವೆಲ್ಲ ಇದ್ದೂ, ಹೊರಗಿನ ಕಣ್ಣು ಇಲ್ಲದಿದ್ದರೆ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಆ ಕಣ್ಣಿಗೆ ಕಮ್ಯೂನಿಟಿ ವಿಸಿಟರ್ ಎನ್ನುತ್ತಾರೆ. ನಿವೃತ್ತ ಟೀಚರುಗಳು, ನರ್ಸುಗಳು, ಯಾರಾದರೂ ಆಗಬಹುದು. ಸಂಬಳವಿಲ್ಲ, ಅಧಿಕಾರವಿದೆ. ಮೊದಲೇ ತಿಳಿಸದೆ ಬಂದು ಬಾಗಿಲು ತಟ್ಟಬಹುದು, ಕಡತ ನೋಡಬಹುದು, ಮನೆಯಲ್ಲಿರುವವರ ಜೊತೆ ಬೇರೆಯಾಗಿ ಕೂತು ಮಾತನಾಡಬಹುದು. ಫ್ರಿಜ್ಜಿನ ಬೀಗ ತೆಗೆಸಿದ್ದು ಅಂಥ ಒಬ್ಬ ಅಜ್ಜಿ. ಒಳಗೆ ಬಂದವರೇ, ಇದು ಯಾರಿಗೆ ಹಾಕಿದ್ದು, ಉಳಿದವರ ಕಾಗದ ಎಲ್ಲಿ, ಎಂದು ಕೇಳಿದರು. ಕಾಗದ ಇರಲಿಲ್ಲ. ಕೆಲವೇ ದಿನಗಳಲ್ಲಿ ಹಿರಿಯರ ಕೋಣೆಗೆ ಒಂದು ಪುಟ್ಟ ಫ್ರಿಜ್ ಬಂತು. ನಾವು ಕೆಲಸಗಾರರು ಅದನ್ನೇ ಎಷ್ಟೋ ಸಲ ಹೇಳಿದ್ದೆವು.

ನಮ್ಮ ಕಡೆಗೆ ಬಂದರೆ

ನಮ್ಮೂರಿನಲ್ಲಿ ಒಬ್ಬ ಹುಡುಗನನ್ನು ಜಗುಲಿಯ ಕಂಬಕ್ಕೆ ಕಟ್ಟುತ್ತಿದ್ದರು. ಅವನ ತಾಯಿ ಕೆಟ್ಟವಳಲ್ಲ. ಕೂಲಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ, ಬಿಟ್ಟರೆ ಹುಡುಗ ಕೆರೆಗೆ ಹೋಗುತ್ತಾನೆ. ಅವಳನ್ನು ಜೈಲಿಗೆ ಹಾಕಿ ಎಂದು ನಾನು ಹೇಳಲಾರೆ. ಅವಳಿಗೆ ಬೇಕಿದ್ದದ್ದು ಹಗಲು ಹೊತ್ತು ಮಗನನ್ನು ನೋಡಿಕೊಳ್ಳುವ ಇನ್ನೊಂದು ಜೊತೆ ಕೈ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಖಾಸಗಿ ಮಾನಸಿಕ ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಕಾರಣ ಓಡಲಾಗದೆ 28 ಜನ ಸತ್ತರಲ್ಲ, ಅದು ತಾಯಿಯ ಅಸಹಾಯಕತೆಯಲ್ಲ. ದುಡ್ಡು ಪಡೆದು ನಡೆಸುತ್ತಿದ್ದ ಜಾಗ, ಹೇಳುವವರಿಲ್ಲ, ಕೇಳುವವರಿಲ್ಲ. ಸುಪ್ರೀಂ ಕೋರ್ಟು ತಾನಾಗಿ ಕೈಗೆತ್ತಿಕೊಂಡದ್ದು ಅಷ್ಟು ಹೆಣ ಬಿದ್ದ ಮೇಲೆ.

ಇವತ್ತು ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೀತಿಯಲ್ಲೂ ಕೂಡದೆಂದು ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಅಂಗವಿಕಲರ ಸಂಸ್ಥೆ ನಡೆಸುವಂತಿಲ್ಲ. ದೌರ್ಜನ್ಯಕ್ಕೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷೆಯಿದೆ. ಅದರ ಏಳನೇ ಕಲಮನ್ನು ಎಲ್ಲರೂ ತಿಳಿದಿರಬೇಕು. ಅಂಗವಿಕಲರ ಮೇಲೆ ಹಿಂಸೆ ನಡೆದಿದೆ, ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ಅಂದರೆ ನಿಮ್ಮ ತಹಸೀಲ್ದಾರರಿಗೆ. ಹಿಂಸೆ ಅನುಭವಿಸಿದವರೇ ಬಂದು ಹೇಳಬೇಕೆಂದಿಲ್ಲ, ನೀವು ನೆಂಟರಾಗಿರಬೇಕೆಂದೂ ಇಲ್ಲ. ಪಕ್ಕದ ಮನೆಯವರು, ಹಾಲು ಹಾಕುವವರು, ಸಂಸ್ಥೆಯಲ್ಲೇ ಕೆಲಸ ಮಾಡುವವರು, ಯಾರಾದರೂ ಸರಿ.

ಇದೆಲ್ಲ ಇದ್ದೂ ತನಿಖೆ ಏಕೆ ಬೇಕು ಎಂದರೆ, ಕಾನೂನು ಕಾಯುವುದು ದೂರು ಬಂದ ಮೇಲೆ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು. ಅವರಲ್ಲಿ ಹಾಸ್ಟೆಲ್ಲು, ಆಶ್ರಮ, ವಸತಿಶಾಲೆ, ಪುನರ್ವಸತಿ ಕೇಂದ್ರಗಳಲ್ಲಿ ಇರುವವರು ಮಾತನಾಡಬೇಕೆಂದರೆ ಮಾತು ಕೇಳುವವರೇ ಅವರ ಹತ್ತಿರ ಹೋಗಬೇಕು. ವಾರ್ಡನ್ ಎದುರಿಗಿಲ್ಲದೆ, ಸಂಜ್ಞೆ ಭಾಷೆ ಬಲ್ಲವರನ್ನು ಕರೆದುಕೊಂಡು, ಹೇಳಿದವರ ಹೆಸರು ಹೊರಬೀಳದ ಭದ್ರತೆ ಕೊಟ್ಟು, ಒಂದು ವಾಕ್ಯಕ್ಕೆ ಅರ್ಧ ಗಂಟೆ ಹಿಡಿದರೂ ಕಾಯುವ ತಾಳ್ಮೆ ಇಟ್ಟುಕೊಂಡು ಹೋಗಬೇಕು. ಆಯೋಗದಲ್ಲಿ ಅಂಗವಿಕಲರೇ ಕೂತಿರಬೇಕು. ವರದಿ ಬಂದ ಮೇಲೆ ಇಷ್ಟು ತಿಂಗಳೊಳಗೆ ಸರ್ಕಾರ ಸದನದಲ್ಲಿ ಉತ್ತರ ಕೊಡಬೇಕೆಂಬ ಕರಾರನ್ನು ನೇಮಕದ ಆದೇಶದಲ್ಲೇ ಬರೆಸಬೇಕು. ಆಸ್ಟ್ರೇಲಿಯಾದವರು ಆ ಕೊನೆಯ ಕರಾರಿನಲ್ಲಿ ಸೋತಿದ್ದಾರೆ, ನಾವು ಅಲ್ಲಿಂದಲೇ ಶುರು ಮಾಡಬಹುದು. ಅಲ್ಲಿಯವರೆಗೆ ಪ್ರತಿ ತಾಲ್ಲೂಕಿನಲ್ಲಿ ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟುವ ಅಧಿಕಾರವನ್ನು ನಾಲ್ಕು ಜನ ನಿವೃತ್ತ ಮೇಷ್ಟ್ರಿಗೆ, ನರ್ಸಮ್ಮನಿಗೆ ಕೊಡಲು ಕೋಟಿಗಟ್ಟಲೆ ಹಣವೇನೂ ಬೇಕಿಲ್ಲ. ಒಂದು ಸರ್ಕಾರಿ ಆದೇಶ ಸಾಕು.